ದಿನಕ್ಕೆ ಮುಕ್ಕಾಲು ಯೂನಿಟ್

ಮಾರ್ಚ್ 14

ಅಪ್ಪನಿಗೆ,

ಫೋನಿನಲ್ಲಿ ಕೇಳೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ. ನಿನ್ನ ಅಂಗಡಿಯ ಪಾಲುದಾರ ಉದ್ದಣ್ಣನ ಕೈಲಿ ಹೇಳಿಸಿದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗಿರುತ್ತದೆ. ಹಾಗಾಗಿ ಈ ಕಾಗದ.

ಕೇಳಬೇಕಾದದ್ದು ಇಷ್ಟೇ. ಜನವರಿಯಲ್ಲಿ ನೀನು ರಿಪೇರಿ ಮಾಡಿ ಲಾರಿಗೆ ಹಾಕಿ ಕಳಿಸಿದ ಆ ಸಣ್ಣ ಫ್ರೀಜರ್ ತಿಂಗಳಿಗೆ ಎಷ್ಟು ಕರೆಂಟ್ ಎಳೆಯುತ್ತದೆ? ಹೋದ ತಿಂಗಳ ಬಿಲ್ಲನ್ನು ಇವರು ಊಟದ ಮೇಜಿನ ಮೇಲೆ ಬಿಚ್ಚಿಟ್ಟರು. ಮೊದಲು ತಿಂಗಳಿಗೆ ಅರವತ್ತು ಯೂನಿಟ್ ಬರುತ್ತಿತ್ತು, ಈಗ ನೂರ ನಲವತ್ತೆರಡು. "ಅದನ್ನ ಆಫ್ ಮಾಡಿಬಿಡೋಣ," ಅಂದರು. ಅದು ಅಂದರೆ ಯಾವುದು ಎಂದು ನಾನು ಕೇಳಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅದರೊಳಗೆ ಏನಿದೆಯೆಂದು ನಿನಗೆ ಗೊತ್ತು. ನಲವತ್ತೇಳು ಪುಟ್ಟ ಬಾಟಲಿಗಳು. ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಹತ್ತೊಂಬತ್ತು ದಿನ ನಾನು ತೆಗೆದಿಟ್ಟ ಹಾಲು. ಅದು ಕುಡಿದದ್ದು ಚಮಚದ ಲೆಕ್ಕದಲ್ಲಿ, ಉಳಿದದ್ದೆಲ್ಲ ಇಲ್ಲಿದೆ. ಬಾಟಲಿಗೆ ಚೀಟಿ ಅಂಟಿಸಬೇಕು ಅಂದಿದ್ದರು, ಹಾಗಾಗಿ ನಮ್ಮ ಲೈಬ್ರರಿಯ ಚೀಟಿಯನ್ನೇ ಅಂಟಿಸಿ ಅಲ್ಲಿನ ಹಳೇ ಮುದ್ರೆಯಿಂದ ತಾರೀಕು ಒತ್ತಿದ್ದೇನೆ. ಮಗು ಹೋಗಿ ಇವತ್ತಿಗೆ ಐದು ವಾರ.

ನೀನು ಬಂದಿದ್ದೆ. ಎಲ್ಲರೂ ಮಾತಾಡುತ್ತಿದ್ದಾಗ ನೀನು ಹೋಗಿ ಫ್ರೀಜರಿನ ಮೇಲೆ ಅಂಗೈ ಇಟ್ಟು ಅದು ಸರಿಯಾಗಿ ಓಡುತ್ತಿದೆಯೇ ಎಂದು ನೋಡಿದೆ. ಸಂಜೆಯ ಬಸ್ಸಿಗೆ ಹೊರಟುಹೋದೆ. ಅದರ ಬಗ್ಗೆ ನಾನು ಏನೂ ಕೇಳುತ್ತಿಲ್ಲ. ಯೂನಿಟ್ ಎಷ್ಟು ಅಂತ ಮಾತ್ರ ಬರೆ.

ನಿನ್ನ ಮಗಳು


ಮಾರ್ಚ್ 21

ಮಗಳೇ,

ಇಲ್ಲಿ ನಾನೂ ಹಳೇ ಯಂತ್ರಗಳೂ ಹೇಗೋ ಓಡುತ್ತಿದ್ದೇವೆ. ನಲವತ್ತು ವರ್ಷ ಕಂಪ್ರೆಸರುಗಳ ಪಕ್ಕದಲ್ಲಿ ಕೂತು ಕಿವಿ ಅವಕ್ಕೇ ಕೊಟ್ಟಾಯಿತು. ಈಗ ಅಂಗೈಯೇ ಕಿವಿ. ಉದ್ದಣ್ಣ ಏನಾದರೂ ಹೇಳಬೇಕಾದರೆ ಬಾಗಿ ಕಿರುಚುತ್ತಾನೆ. ಅಷ್ಟು ಉದ್ದದ ಮನುಷ್ಯ ಬಾಗುವಷ್ಟರಲ್ಲಿ ಹೇಳಬೇಕಾದದ್ದು ಮರೆತಿರುತ್ತದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಫ್ರೀಜರಿನ ಬೆನ್ನಿಗೆ ಹಚ್ಚಿದ ತಗಡಿನಲ್ಲಿ ತೊಂಬತ್ತು ವ್ಯಾಟ್ ಎಂದು ಬರೆದಿದೆ. ಜನ ಅದನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ಎದೆ ಬಡಿದುಕೊಳ್ಳುತ್ತಾರೆ. ಅದು ತಪ್ಪು ಲೆಕ್ಕ. ಕಂಪ್ರೆಸರ್ ಎಡೆಬಿಡದೆ ಓಡುವುದಿಲ್ಲ. ಒಳಗೆ ತಣ್ಣಗಾದರೆ ನಿಲ್ಲುತ್ತದೆ, ಬಿಸಿ ನುಸುಳಿದರೆ ಮತ್ತೆ ಏಳುತ್ತದೆ. ಮೂರು ಗಂಟೆಯಲ್ಲಿ ಒಂದು ಗಂಟೆ ಓಡಿದರೆ ಹೆಚ್ಚು. ರಬ್ಬರನ್ನು ನಾನೇ ಹೊಸದಾಗಿ ಹಾಕಿದ್ದೇನೆ. ದಿನಕ್ಕೆ ಮುಕ್ಕಾಲು ಯೂನಿಟ್ ಮೀರಬಾರದು. ಒಂದು ಲೋಟ ಟೀ ಕುಡಿದಷ್ಟು ಖರ್ಚು.

ನನ್ನ ಮಾತನ್ನು ನಂಬಬೇಡ, ಮೀಟರನ್ನು ನಂಬು. ಒಂದು ಭಾನುವಾರ ಬೆಳಗ್ಗೆ ಎಂಟಕ್ಕೆ ಅಂಕಿ ಬರೆದುಕೊಂಡು, ಫ್ರೀಜರ್ ಬಿಟ್ಟು ಮನೆಯ ಎಲ್ಲವನ್ನೂ ಆರಿಸಿಬಿಡು. ಮರುದಿನ ಎಂಟಕ್ಕೆ ಮತ್ತೆ ನೋಡು. ಕಳೆದರೆ ಉತ್ತರ ಸಿಗುತ್ತದೆ.

ಇನ್ನೊಂದು ಕೆಲಸ. ಒಂದು ಲೋಟದಲ್ಲಿ ನೀರು ತುಂಬಿ ಒಳಗಿಡು. ಅದು ಗಟ್ಟಿಯಾದ ಮೇಲೆ ಅದರ ಮೇಲೊಂದು ಅಂಗಿಯ ಗುಂಡಿ ಇಡು. ನೀನಿಲ್ಲದಾಗ ಕರೆಂಟ್ ಹೋಗಿ ಒಳಗಿನದು ಕರಗಿ ಮತ್ತೆ ಗಟ್ಟಿಯಾಗಿದ್ದರೆ ಗುಂಡಿ ತಳ ಸೇರಿರುತ್ತದೆ. ಗುಂಡಿ ಮೇಲೇ ಇದ್ದರೆ ಏನೂ ಕೆಟ್ಟಿಲ್ಲವೆಂದು ತಿಳಿ. ಯಂತ್ರ ಸುಳ್ಳು ಹೇಳಬಹುದು, ಗುಂಡಿ ಹೇಳುವುದಿಲ್ಲ.

ಆ ಗುಬ್ಬಿಯನ್ನು ನಾನು ಒಂದೇ ಸಲ ನೋಡಿದ್ದು, ಗಾಜಿನ ಆಚೆಯಿಂದ.

ಅಪ್ಪ


ಏಪ್ರಿಲ್ 9

ಅಪ್ಪ,

ನೀನು ಹೇಳಿದಂತೆಯೇ ಮಾಡಿದೆ. ಭಾನುವಾರ ಇಡೀ ದಿನ ಬ್ರೆಡ್ಡು, ಬಾಳೆಹಣ್ಣು ತಿಂದು ಕಳೆದೆವು. ಸಂಜೆ ಮೇಣದ ಬತ್ತಿ ಹಚ್ಚಿದಾಗ ಇವರು, "ನಿಮ್ಮಪ್ಪ ನಮ್ಮನ್ನ ಕತ್ತಲಲ್ಲಿ ಕೂರ್ಸಿ ಲೆಕ್ಕ ಕಲಿಸ್ತಿದಾರೆ," ಎಂದು ಸಣ್ಣಗೆ ನಕ್ಕರು. ಎರಡು ತಿಂಗಳಾದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಫ್ರೀಜರ್ ಶುರುವಾದದ್ದೇ ನಗು ನಿಂತಿತು.

ಮರುದಿನ ನೋಡಿದೆ. ಸರಿಯಾಗಿ ಮುಕ್ಕಾಲು. ತಿಂಗಳಿಗೆ ಇಪ್ಪತ್ತೆರಡು, ಇಪ್ಪತ್ತಮೂರು.

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಅಮ್ಮ ಇದ್ದಿದ್ದರೆ ಅವಳಿಗೆ ಬರೆಯುತ್ತಿದ್ದೆ. ಇಲ್ಲ, ಹಾಗಾಗಿ ನೀನೇ ಓದು. ಆ ಯಂತ್ರ ಮೊದಲು ಒಂದು ಸಲ ಟಿಕ್ ಅನ್ನುತ್ತದೆ, ಆಮೇಲೆ ಗುಂಯ್ ಎಂದು ಶುರುವಾಗುತ್ತದೆ. ಆಸ್ಪತ್ರೆಯಲ್ಲಿ ಹಾಲು ತೆಗೆಯುವ ಯಂತ್ರವೂ ಹೀಗೆಯೇ ಸದ್ದು ಮಾಡುತ್ತಿತ್ತು. ನನಗೆ ಗೊತ್ತಿದೆ, ಮಗು ಇಲ್ಲ. ನನ್ನ ಮೈಗೆ ಗೊತ್ತಿಲ್ಲ. ಟಿಕ್ ಎಂದೊಡನೆ ಅದು ಎದ್ದು ಕೂರುತ್ತದೆ. ದಿನಕ್ಕೆ ಎರಡು ಸಲ ಬಟ್ಟೆ ಬದಲಿಸುತ್ತೇನೆ. ಡಾಕ್ಟರಮ್ಮ ಹಾಲು ನಿಲ್ಲಲು ಮಾತ್ರೆ ಕೊಟ್ಟಿದ್ದರು, ನಾನು ತೆಗೆದುಕೊಳ್ಳಲಿಲ್ಲ. ಯಾಕೆಂದು ಕೇಳಬೇಡ.

ಗುಂಡಿ ಲೋಟದ ಮೇಲೇ ಇದೆ. ಅದು ನಿನ್ನ ಹಳೇ ನೀಲಿ ಅಂಗಿಯದು.

ಮಗಳು


ಏಪ್ರಿಲ್ 17

ಮಗಳೇ,

ಪಾರ್ಸಲ್ಲಿನಲ್ಲಿ ನಾಲ್ಕು ದಪ್ಪ ರಬ್ಬರಿನ ತುಂಡುಗಳಿವೆ. ಫ್ರೀಜರಿನ ನಾಲ್ಕು ಕಾಲಿನ ಕೆಳಗೆ ಒಂದೊಂದು ಇಡಿ. ಅಳಿಯಂದಿರು ಎತ್ತಲಿ, ನೀನು ತಳ್ಳಿದರೆ ಸಾಕು. ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಸದ್ದು ಪೂರ್ತಿ ಹೋಗುವುದಿಲ್ಲ, ನೆಲಕ್ಕೆ ಇಳಿಯುವುದು ನಿಲ್ಲುತ್ತದೆ. ನೀನು ಬರೆದ ಬೇರೆ ಸಂಗತಿಗೆ ನನ್ನ ಬಳಿ ಔಷಧಿ ಇಲ್ಲ. ಇರುವುದು ಈ ರಬ್ಬರು ಮಾತ್ರ.

ಈಗ ಲೆಕ್ಕ. ಮೊದಲು ಅರವತ್ತು, ಈಗ ನೂರ ನಲವತ್ತೆರಡು. ಹೆಚ್ಚಾದದ್ದು ಎಂಬತ್ತೆರಡು. ಅದರಲ್ಲಿ ಫ್ರೀಜರಿನ ಪಾಲು ಇಪ್ಪತ್ತೆರಡು. ಉಳಿದ ಅರವತ್ತು ಯೂನಿಟ್ ಎಲ್ಲಿಗೆ ಹೋಯಿತು? ನಿಮ್ಮ ಮನೆಯಲ್ಲಿ ನಿನಗೆ ಗೊತ್ತಿಲ್ಲದೆ ಇನ್ನೇನೋ ಓಡುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನೀವು ಫ್ರೀಜರಿಗೆ ಬರೆ ಹಾಕುತ್ತಿದ್ದೀರಿ. ಅರವತ್ತು ಸಣ್ಣ ಅಂಕಿಯಲ್ಲ. ದೀಪ, ಫ್ಯಾನು ಅಷ್ಟು ತಿನ್ನುವುದಿಲ್ಲ. ಇಷ್ಟನ್ನು ಎಳೆಯುವುದು ಬಿಸಿ ಮಾಡುವ ವಸ್ತು ಮಾತ್ರ.

ಕೆಲಸಕ್ಕೆ ಮತ್ತೆ ಹೋಗತೊಡಗಿದ ಮೇಲೆ, ಹೊರಡುವಾಗ ಒಮ್ಮೆ, ಬಂದಾಗ ಒಮ್ಮೆ ಮೀಟರ್ ನೋಡಿ ಬರೆದಿಡು.

ಅಪ್ಪ


ಮೇ 6

ಅಪ್ಪ,

ಲೈಬ್ರರಿಗೆ ಹೋಗತೊಡಗಿ ಹತ್ತು ದಿನವಾಯಿತು. ದಿನವೂ ಒಂಬತ್ತೂವರೆಗೆ ಇಬ್ಬರೂ ಹೊರಡುತ್ತೇವೆ. ಇವರು ಬಸ್ ಡಿಪೋಗೆ, ನಾನು ಲೈಬ್ರರಿಗೆ. ಬಾಗಿಲಿಗೆ ನಾನೇ ಬೀಗ ಹಾಕುತ್ತೇನೆ. ಸಂಜೆ ಐದೂವರೆಗೆ ನಾನೇ ತೆಗೆಯುತ್ತೇನೆ.

ಬೀಗ ಹಾಕಿದ ಮನೆಯಲ್ಲಿ ದಿನವೂ ಎರಡು ಯೂನಿಟ್ಟಿಗಿಂತ ಹೆಚ್ಚು ಓಡುತ್ತಿದೆ. ಫ್ರೀಜರಿನದು ಕಾಲು ಯೂನಿಟ್ ಇರಬಹುದು. ಉಳಿದದ್ದು ಯಾರದು?

ಮೊನ್ನೆ ಮಗುವಿನ ಕೋಣೆಯ ಬಾಗಿಲು ತೆರೆದೆ. ಆವತ್ತಿನಿಂದ ನಾನು ಅದನ್ನು ತೆರೆದಿರಲಿಲ್ಲ. ಹೊರಗೆ ಮೋಡ ಕವಿದಿತ್ತು, ನಡುಮನೆ ತಣ್ಣಗಿತ್ತು. ಆ ಕೋಣೆ ಮಾತ್ರ ಬೆಚ್ಚಗಿತ್ತು. ಸ್ವಲ್ಪವಲ್ಲ, ಯಾರೋ ಈಗ ತಾನೇ ಎದ್ದು ಹೋದ ಹಾಸಿಗೆಯಷ್ಟು. ತೊಟ್ಟಿಲ ಕಂಬಿ ಮುಟ್ಟಿದೆ, ಅದೂ ಬೆಚ್ಚಗಿತ್ತು. ಬಾಗಿಲು ಹಾಕಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಇವರು ಬರುವತನಕ ಒಳಗೆ ಹೋಗಲಿಲ್ಲ. ಇವರಿಗೆ ಹೇಳಲೂ ಇಲ್ಲ. ಹೇಳಿದರೆ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಿಜ ಹೇಳಲೇ, ಆ ಬಿಸಿ ಇಲ್ಲದಿದ್ದರೂ ನನಗೆ ಬೇಸರವಾಗುತ್ತಿತ್ತು. ನಿನ್ನೆಯೂ ಮುಟ್ಟಿ ನೋಡಿದೆ. ಬೆಚ್ಚಗೇ ಇತ್ತು.

ಮಗಳು


ಮೇ 11

ಮಗಳೇ,

ಕಾಗದ ಸಿಕ್ಕಿದ ಕೂಡಲೇ ಬರೆಯುತ್ತಿದ್ದೇನೆ. ಹೆದರಬೇಡ. ಸತ್ತವರು ಬಂದರೂ ಬರಬಹುದು, ಅದು ನನಗೆ ಗೊತ್ತಿಲ್ಲ. ಅವರಿಗೆ ಕರೆಂಟ್ ಬೇಕಾಗುವುದಿಲ್ಲ, ಅದು ಗೊತ್ತು. ಮೀಟರ್ ತಿರುಗುತ್ತಿದೆ ಎಂದರೆ ಬದುಕಿರುವ ಕೈಯೊಂದು ಸ್ವಿಚ್ ಒತ್ತುತ್ತಿದೆ.

ಒಂದು ದಿನ ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋಗು. ಒಬ್ಬಳೇ ಹೋಗು, ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಬೇಡ.

ಅಪ್ಪ


ಮೇ 19

ಅಪ್ಪ,

ಒಬ್ಬಳೇ ಹೋಗು ಎಂದು ಯಾಕೆ ಬರೆದೆಯೆಂದು ಈಗ ತಿಳಿಯಿತು. ನಿನಗೆ ಮೊದಲೇ ಗೊತ್ತಾಗಿತ್ತು.

ಒಂದೂವರೆ ಗಂಟೆಗೆ ಬಂದೆ. ಬೀಗ ತೆಗೆದಿತ್ತು. ಒಳಗೆ ಇವರ ಚಪ್ಪಲಿ. ಮಗುವಿನ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ತಳ್ಳಿದೆ. ಮಗುವಿಗೆಂದು ತಂದಿಟ್ಟು ನಾನು ಮರೆತೇಬಿಟ್ಟಿದ್ದ ಹೀಟರ್ ಕೆಂಪಗೆ ಉರಿಯುತ್ತಿತ್ತು. ಇವರು ಡಿಪೋದ ಅಂಗಿಯಲ್ಲೇ ನೆಲದ ಮೇಲೆ, ತೊಟ್ಟಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆವರು ಇಳಿಯುತ್ತಿತ್ತು. ಪಕ್ಕದಲ್ಲಿ ತೆರೆಯದ ಊಟದ ಡಬ್ಬಿ.

"ಇಷ್ಟು ಬೇಗ ಬಂದ್ಯಾ," ಅಂದರು.

"ನೀವು ದಿನಾ ಬರ್ತೀರಾ?"

"ನೀನು ಮನೇಲಿದ್ದಾಗ ರಾತ್ರಿ, ನೀನು ಮಲಗಿದ್ಮೇಲೆ. ಈಗ ಮಧ್ಯಾಹ್ನ," ಅಂದರು. ಆಮೇಲೆ ಹೀಟರನ್ನೇ ನೋಡುತ್ತ ಹೇಳಿದರು: "ಡಾಕ್ಟ್ರು ಹೇಳಿದ್ರಲ್ಲ, ಇನ್ನೊಂದು ವಾರ, ಹತ್ತು ದಿನ, ಮನೆಗೆ ಕರ್ಕೊಂಡು ಹೋಗ್ಬಹುದು, ಕೋಣೆ ಬೆಚ್ಚಗಿರ್ಬೇಕು ಅಂತ. ಎಷ್ಟು ಹೊತ್ತಿಗೆ ಬೆಚ್ಚಗಾಗತ್ತೆ ನೋಡೋಣ ಅಂತ ಅವತ್ತು ಬೆಳಗ್ಗೆ ಹಾಕಿಟ್ಟು ಆಸ್ಪತ್ರೆಗೆ ಬಂದಿದ್ದೆ. ಎಲ್ಲ ಮುಗಿದ್ಮೇಲೆ ವಾಪಸ್ ಬಂದ್ರೆ ಕೋಣೆ ರೆಡಿಯಾಗಿತ್ತು."

ನಾನು ಕೂತೆ. "ಮತ್ತೆ ಫ್ರೀಜರ್ ಆಫ್ ಮಾಡು ಅಂತ ಯಾಕೆ ಹೇಳಿದ್ರಿ? ಬಿಲ್ ಬರ್ತಿದ್ದದ್ದು ಇದ್ರಿಂದ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಅಂದರು. "ನಿನ್ನದು ಕಣ್ಣಿಗೆ ಕಾಣ್ತಿತ್ತು. ನಂದು ಕಾಣ್ತಿರ್ಲಿಲ್ಲ. ನಿನ್ನದು ನಿಲ್ಸಿದ್ರೆ ನಂದೂ ನಿಲ್ಲತ್ತೇನೋ ಅಂದ್ಕೊಂಡೆ."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಎರಡು ತಿಂಗಳು ಆ ಬಿಲ್ಲನ್ನು ನನ್ನ ಮುಂದೆ ಹಿಡಿದಿದ್ದರಲ್ಲ. ಅವರ ಕೈ ಹಿಡಿದುಕೊಂಡೇ ಸಿಟ್ಟಾದೆ. ಮೂರು ಗಂಟೆಯವರೆಗೆ ಕೂತಿದ್ದೆವು. ಹೀಟರನ್ನು ಇಬ್ಬರೂ ಆರಿಸಲಿಲ್ಲ.

ಮನೆಯ ಒಂದು ಮೂಲೆಯಲ್ಲಿ ತಣ್ಣಗೆ ಮಾಡುತ್ತ ನಾನು, ಇನ್ನೊಂದು ಮೂಲೆಯಲ್ಲಿ ಬಿಸಿ ಮಾಡುತ್ತ ಇವರು. ಮೀಟರಿಗೆ ಮಾತ್ರ ಎರಡೂ ಗೊತ್ತಿತ್ತು.

ಮಗಳು


ಜೂನ್ 27

ಅಪ್ಪ,

ಇಷ್ಟು ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ.

ಆಸ್ಪತ್ರೆಯಲ್ಲಿ ದಿನಾ ಬೆಳಗ್ಗೆ ನನ್ನ ಕೈಯಿಂದ ಹಾಲು ತೆಗೆದುಕೊಳ್ಳುತ್ತಿದ್ದ ದಪ್ಪ ಕನ್ನಡಕದ ನರ್ಸ್ ನಿನಗೆ ನೆನಪಿರಬಹುದು. ಹೋದ ವಾರ ಲೈಬ್ರರಿಗೆ ಬಂದಿದ್ದಳು. ನಾನು ಪುಸ್ತಕಕ್ಕೆ ಮುದ್ರೆ ಒತ್ತುವುದನ್ನು ನೋಡಿ, "ಅಕ್ಕಾ, ಬಾಟಲಿ ಮೇಲಿರ್ತಿದ್ದ ಮುದ್ರೆ ಇದೇನಾ?" ಅಂದಳು. ಮುದ್ರೆಯನ್ನು ಕೈಗೆತ್ತಿಕೊಂಡು, "ಮನೇಲಿ ಇನ್ನೂ ಇದ್ಯಾ?" ಎಂದು ಕೇಳಿದಳು.

ಅವರ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆಯಂತೆ. ತಾಯಿಗೆ ಹಾಲಿಲ್ಲದ, ತಾಯಿಯೇ ಇಲ್ಲದ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಕೊಡುತ್ತಾರೆ. ನನ್ನ ರಕ್ತ ಪರೀಕ್ಷೆ ಮಾಡಿ, ಹಾಲನ್ನೂ ಪರೀಕ್ಷಿಸಿ ತೆಗೆದುಕೊಳ್ಳುತ್ತಾರಂತೆ. ಆದರೆ ಆರು ತಿಂಗಳೊಳಗಿನದು ಮಾತ್ರ. ನನ್ನ ಮೊದಲ ಬಾಟಲಿಯ ಮೇಲೆ ಜನವರಿ ಇಪ್ಪತ್ತೊಂದು ಎಂದಿದೆ. ಜುಲೈ ಇಪ್ಪತ್ತೊಂದರಿಂದ ದಿನಕ್ಕೆ ಎರಡು, ಮೂರರಂತೆ ಎಲ್ಲವೂ ಚರಂಡಿಗೆ. "ನಿಮ್ಮ ಚೀಟಿ ಮೇಲೇ ಬರ್ದಿದ್ಯಲ್ಲ ಅಕ್ಕಾ, ಹಿಂದಿರುಗಿಸಬೇಕಾದ ದಿನ ಅಂತ," ಅಂದಳು. ತಮಾಷೆಗೆ ಶುರುಮಾಡಿದವಳು ಮುಗಿಸುವಷ್ಟರಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

ನನಗೆ ಆಗುತ್ತಿಲ್ಲ. ಕೊಡಬೇಕೆಂದು ಗೊತ್ತು. ಫ್ರೀಜರ್ ತೆರೆದು ಕೈ ಹಾಕಿದರೆ ಬೆರಳು ಮರಗಟ್ಟುವವರೆಗೂ ಒಂದನ್ನೂ ಎತ್ತಲು ಆಗುವುದಿಲ್ಲ. ನನ್ನ ಮಗಳು ಬಂದು ಹೋದಳು ಎನ್ನುವುದಕ್ಕೆ ಈ ಮನೆಯಲ್ಲಿ ಇರುವುದು ಅಷ್ಟೇ. ಒಂದು ಫೋಟೋ ಕೂಡ ಸರಿಯಾಗಿ ಬಂದಿಲ್ಲ, ಬರೀ ಕೊಳವೆಗಳು.

ನೀನಾಗಿದ್ದರೆ ಮೂರನೇ ದಿನವೇ ಎಲ್ಲ ತೆಗೆದು ತೊಳೆದು ಒಣಗಲು ಇಡುತ್ತಿದ್ದೆ. ಅಮ್ಮ ಹೋದ ಮೂರನೇ ದಿನ ನೀನು ಮಾಡಿದ್ದು ಅದನ್ನೇ ತಾನೆ. ನನಗೆ ಹನ್ನೆರಡು ವರ್ಷ. ಶಾಲೆಯಿಂದ ಬಂದೆ. ಫ್ರಿಜ್ಜಿನ ಬಾಗಿಲ ಸಂದಿಗೆ ಕಾಗದ ಮಡಿಸಿ ಇಟ್ಟಿತ್ತು. ಒಳಗೆ ಏನೂ ಇಲ್ಲ, ಸೋಡಾ ಹಾಕಿ ಉಜ್ಜಿದ ವಾಸನೆ. ಆಸ್ಪತ್ರೆಗೆ ಹೋಗುವ ಬೆಳಗ್ಗೆ ಅಮ್ಮ ಏನೋ ಬೇಯಿಸಿ ಬಟ್ಟಲಲ್ಲಿಟ್ಟು ತಟ್ಟೆ ಮುಚ್ಚಿದ್ದಳು. "ಅಮ್ಮನ ಬಟ್ಟಲೆಲ್ಲಿ?" ಅಂದೆ. "ಎಸೆದೆ," ಅಂದೆ ನೀನು. ಬೆನ್ನು ತಿರುಗಿಸಿಕೊಂಡೇ ಹೇಳಿದೆ. ಇಪ್ಪತ್ತೊಂದು ವರ್ಷದಲ್ಲಿ ಅದರ ಬಗ್ಗೆ ಮತ್ತೆ ನಾವು ಮಾತಾಡಿಲ್ಲ. ನಾನು ಮರೆತಿದ್ದೇನೆ ಅಂದುಕೊಂಡಿದ್ದೆಯಾ?

ಮಗಳು


ಜುಲೈ 8

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ.

ಲಾರಿಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಒಳಗೆಲ್ಲ ಥರ್ಮಾಕೋಲ್ ಹಾಕಿದ್ದೇನೆ. ಗೂಡುಗಳನ್ನು ನಾನೇ ಕೊಯ್ದದ್ದು, ಸರಿಯಾಗಿ ನಲವತ್ತೇಳು. ಆರು ಗಂಟೆಯವರೆಗೆ ಏನೂ ಕರಗುವುದಿಲ್ಲ. ಉಪಯೋಗಿಸುವುದು, ಬಿಡುವುದು ನಿನ್ನ ಇಷ್ಟ.

ಅಪ್ಪ


ಜುಲೈ 20

ಅಪ್ಪ,

ನಿನ್ನೆ ಕೊಟ್ಟು ಬಂದೆವು.

ಬಾಟಲಿಗಳನ್ನು ಇವರು ಎತ್ತಿ ಎತ್ತಿ ಕೊಟ್ಟರು, ನಾನು ಗೂಡಿನಲ್ಲಿ ಇಡುತ್ತ ಹೋದೆ. ಬಸ್ಸಿನಲ್ಲಿ ಇವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಡಿಪೋದವರಲ್ಲವೇ, ಕಂಡಕ್ಟರು ಗುರುತು ಹಿಡಿದು, "ಏನ್ ಸಾರ್, ಅಷ್ಟು ಜೋಪಾನ," ಎಂದು ಕೇಳಿದ. "ಮಗಳದ್ದು," ಅಂದರು ಇವರು. ಅವನು ಟಿಕೆಟ್ ಹರಿದು ಮುಂದೆ ಹೋದ.

ಕನ್ನಡಕದ ನರ್ಸ್ ಕಾಯುತ್ತಿದ್ದಳು. ಮಧ್ಯೆ ಕರೆಂಟ್ ಹೋಗಿತ್ತೇ ಎಂದು ಕೇಳಿದಳು. ಜೂನಿನಲ್ಲಿ ಒಂದು ದಿನ ಹೋಗಿತ್ತು. ನಾನು ಲೋಟವನ್ನು ಜೊತೆಗೇ ಒಯ್ದಿದ್ದೆ. ಗುಂಡಿ ಮೇಲೆಯೇ ಇತ್ತು. ನಿನ್ನ ಉಪಾಯ ಹೇಳಿದಾಗ ಅವಳು ಲೋಟವನ್ನು ಮೇಜಿನ ಮೇಲಿಟ್ಟು ತನ್ನ ಜೊತೆಯವರನ್ನೆಲ್ಲ ಕರೆದು ತೋರಿಸಿದಳು.

ನಲವತ್ತಾರನ್ನು ತೆಗೆದುಕೊಂಡಳು. ಒಂದನ್ನು ಪಕ್ಕಕ್ಕಿಟ್ಟಳು. ನನಗೆ ಗೊತ್ತಿತ್ತು. ಅದು ಕೊನೆಯ ದಿನ ಬೆಳಗ್ಗೆ ನಾನು ಆಸ್ಪತ್ರೆಗೆ ತೆಗೆದುಕೊಂಡು ಹೋದದ್ದು. ಹೋಗುವಷ್ಟರಲ್ಲಿ ಕುಡಿಯುವವಳು ಇರಲಿಲ್ಲ. ಇಡೀ ದಿನ ನನ್ನ ಚೀಲದಲ್ಲೇ ಇತ್ತು. ರಾತ್ರಿ ಬಂದು ಏನೂ ಯೋಚಿಸದೆ ಮತ್ತೆ ಒಳಗಿಟ್ಟಿದ್ದೆ. ಚೀಟಿಯ ಶಾಯಿ ಒದ್ದೆಯಾಗಿ ಹರಡಿದೆ. "ಇದು ಒಂದ್ಸಲ ಕರಗಿದೆ ಅಕ್ಕಾ. ಮಕ್ಕಳಿಗೆ ಕೊಡೋಕಾಗಲ್ಲ," ಅಂದಳು. ಎಸೆಯಲು ತಾನೇ ಕೈ ಚಾಚಲಿಲ್ಲ, ನನ್ನ ಕೈಗೇ ವಾಪಸ್ ಕೊಟ್ಟಳು.

ಹೊರಗೆ ಬರುವಾಗ ಗಾಜಿನ ಕೋಣೆಯ ಮುಂದೆ ಹಾದು ಬಂದೆವು. ಅವಳಿದ್ದ ಪೆಟ್ಟಿಗೆಯಲ್ಲಿ ಬೇರೊಂದು ಮಗು ಮಲಗಿತ್ತು. ಕಾಲು ಬಡಿಯುತ್ತಿತ್ತು. ಯಾರಿಗೆ ಕೊಡುತ್ತಾರೆಂದು ಹೇಳುವುದಿಲ್ಲವಂತೆ, ಅದು ನಿಯಮ. ನಾನು ಕೇಳಲೂ ಇಲ್ಲ.

ಈಗ ಇಡೀ ಫ್ರೀಜರ್ ಒಂದು ಬಾಟಲಿಗಾಗಿ ಓಡುತ್ತಿದೆ. ಟಿಕ್ ಎಂದಾಗ ಮೈ ಇನ್ನೂ ಕಿವಿಗೊಡುತ್ತದೆ, ಆದರೆ ಏನೂ ಬರುವುದಿಲ್ಲ. ಅದು ನಿಂತು ಹದಿನೈದು ದಿನವಾಯಿತು. ಇವರು ಹೀಟರ್ ಬಗ್ಗೆಯಾಗಲಿ ಫ್ರೀಜರ್ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ಒಂದು ಬಾಟಲಿಗೆ ಎಷ್ಟು ಯೂನಿಟ್ ಅಪ್ಪ?

ಮಗಳು


ಜುಲೈ 30

ಮಗಳೇ,

ಒಂದಕ್ಕೂ ಅಷ್ಟೇ, ನಲವತ್ತೇಳಕ್ಕೂ ಅಷ್ಟೇ. ಖಾಲಿಯಾದರೆ ಸ್ವಲ್ಪ ಹೆಚ್ಚೇ, ಮುಚ್ಚಳ ತೆರೆದಾಗಲೆಲ್ಲ ಒಳಗಿನ ತಣ್ಣನೆ ಗಾಳಿ ಹೊರಗೆ ಹೋಗುತ್ತದೆ. ನೀರಿನ ಬಾಟಲಿ ತುಂಬಿಸಿಡು. ಆರಿಸು ಎಂದು ನಾನು ಹೇಳುವುದಿಲ್ಲ. ಆ ಯಂತ್ರ ಇನ್ನೂ ಹದಿನೈದು ವರ್ಷ ಓಡುತ್ತದೆ. ಓಡಿಸಬೇಕೆನಿಸಿದರೆ ಓಡಿಸು, ಆ ಬಿಲ್ಲು ನನ್ನದು.

ಈಗ ಇನ್ನೊಂದು. ಇದನ್ನು ಬರೆಯಲು ಇವತ್ತು ಉದ್ದಣ್ಣನನ್ನು ಬೇಗ ಮನೆಗೆ ಕಳಿಸಿ ಅಂಗಡಿ ಬಾಗಿಲು ಹಾಕಿದ್ದೇನೆ.

ಅಮ್ಮನ ಬಟ್ಟಲನ್ನು ನಾನು ಎಸೆಯಲಿಲ್ಲ.

ಮೂರನೇ ದಿನ ನೀನು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬನೇ ಇದ್ದೆ. ಫ್ರಿಜ್ಜು ತೆರೆದೆ. ಬಟ್ಟಲಲ್ಲಿ ಬೇಯಿಸಿದ ಆಲೂಗಡ್ಡೆ ಇತ್ತು, ನಮ್ಮಿಬ್ಬರಿಗೂ ಸಂಜೆಗೆ ಆಗುವಷ್ಟು. ಅವಳು ಆಸ್ಪತ್ರೆಯಿಂದ ಸಂಜೆಯೇ ಬಂದುಬಿಡುವವಳಂತೆ ಹೋಗಿದ್ದಳಲ್ಲ. ನೆಲದ ಮೇಲೆ ಕೂತು ಎಲ್ಲವನ್ನೂ ತಿಂದೆ. ಕೈಯಲ್ಲೇ ತಿಂದೆ, ತಣ್ಣಗಿರುವಾಗಲೇ ತಿಂದೆ. ಅರ್ಧ ನಿನಗೆ ಇಡಬೇಕೆಂದು ಅನಿಸಿತು. ಅನಿಸಿದ ಮೇಲೂ ತಿಂದೆ. ಬಟ್ಟಲು ನೆಕ್ಕಿದೆ. ಆಮೇಲೆ ನೀನು ಬಂದು ಕೇಳಿದರೆ ಏನು ಹೇಳಲಿ ಎಂದು ಹೆದರಿಕೆಯಾಯಿತು. ಬರೀ ಅದೊಂದು ಬಟ್ಟಲು ಖಾಲಿಯಿದ್ದರೆ ನಿನಗೆ ಗೊತ್ತಾಗುತ್ತದೆ. ಅದಕ್ಕೇ ಪೂರ್ತಿ ಫ್ರಿಜ್ಜು ತೆಗೆದು, ಉಜ್ಜಿ, ಸಂದಿಗೆ ಕಾಗದ ಇಟ್ಟು, ಇದು ಕೆಲಸ ಎನ್ನುವ ಹಾಗೆ ಮಾಡಿದೆ. ಕಲ್ಲು ಮನಸ್ಸಿನವನು ಎಂದು ನೀನು ಅಂದುಕೊಂಡೆ. ಕಳ್ಳ ಅನಿಸಿಕೊಳ್ಳುವುದಕ್ಕಿಂತ ಅದೇ ಮೇಲು ಎಂದು ಸುಮ್ಮನಿದ್ದೆ. ಆ ದಿನದಿಂದ ನೀನು ನನ್ನ ಮುಂದೆ ಅತ್ತದ್ದು ನೋಡಿಲ್ಲ. ಕಿವಿ ಹೋದದ್ದು ನನಗೆ ಅಷ್ಟು ಬಾಧಿಸಲಿಲ್ಲ.

ನಿಮ್ಮ ಮನೆಗೆ ಬಂದ ದಿನವೂ ಮಾತಾಡಲು ಬಾಯಿ ಬರಲಿಲ್ಲ. ಫ್ರೀಜರಿನ ಮೇಲೆ ಕೈ ಇಟ್ಟದ್ದು ಅದು ಓಡುತ್ತಿದೆಯೇ ನೋಡಲು ಅಲ್ಲ. ಒಳಗೆ ಏನಿದೆಯೆಂದು ಗೊತ್ತಿತ್ತು. ಆ ಗುಬ್ಬಿಯನ್ನು ಮುಟ್ಟಲು ನನಗೆ ಸಿಕ್ಕಿದ್ದು ಅಷ್ಟೇ.

ಆರಿಸುವ ದಿನ ಬಂದರೆ ಒಂದು ಮಾತು ನೆನಪಿಡು. ಸೋಡಾ ಹಾಕಿ ಒರೆಸು, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸು. ಮುಚ್ಚಳವನ್ನು ಪೂರ್ತಿ ಮುಚ್ಚಬೇಡ, ಸಂದಿಗೆ ಏನಾದರೂ ಮಡಿಸಿ ಇಡು. ಗಾಳಿ ಆಡಬೇಕು. ಮುಚ್ಚಿಟ್ಟರೆ ಒಳಗೇ ಕೊಳೆಯುತ್ತದೆ. ಅದು ನನಗೆ ಯಂತ್ರದ ವಿಷಯದಲ್ಲಿ ಮಾತ್ರ ಗೊತ್ತಿತ್ತು.

ಅಪ್ಪ


ಆಗಸ್ಟ್ 10

ಅಪ್ಪ,

ನಿನ್ನ ಕಾಗದವನ್ನು ಮೊದಲು ನಾನು ಓದಿದೆ. ಆಮೇಲೆ ಇವರಿಗೆ ಓದಿ ಹೇಳಿದೆ. ನೆಲದ ಮೇಲೆ ಕೂತು ತಿಂದೆ ಎನ್ನುವಲ್ಲಿ ಇವರು, "ಇನ್ನೊಂದ್ಸಲ ಓದು," ಅಂದರು.

ಭಾನುವಾರ ಮಧ್ಯಾಹ್ನ ಮಗುವಿನ ಕೋಣೆಯಲ್ಲಿ ಹೀಟರ್ ಹಾಕಿಕೊಂಡು ಇಬ್ಬರೂ ಕೂತೆವು. ಬಾಟಲಿಯನ್ನು ನಡುವೆ ಇಟ್ಟೆ. ಕರಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅದನ್ನೇ ನೋಡುತ್ತ ಅವಳ ಬಗ್ಗೆ ಮಾತಾಡಿದೆವು. ಅವಳ ಎಡಗಿವಿ ಸ್ವಲ್ಪ ಮಡಿಸಿಕೊಂಡಿತ್ತು ಎಂದು ನಾನು, ಇಲ್ಲ, ಬಲಗಿವಿ ಎಂದು ಇವರು. ಜಗಳವೇ ಆಯಿತು. ಆಮೇಲೆ ಒಂದೊಂದು ಗುಟುಕು ಕುಡಿದೆವು. ಅದರಲ್ಲಿ ಇದ್ದದ್ದೇ ಅಷ್ಟು. ಸಪ್ಪೆಯಾಗಿ, ಕೊನೆಯಲ್ಲಿ ಸ್ವಲ್ಪ ಸಿಹಿಯಾಗಿ ಇತ್ತು. "ಇದನ್ನೇ ಕುಡೀತಿದ್ಲಾ ಅವ್ಳು," ಅಂದರು ಇವರು. ಇಷ್ಟು ದಿನ ಮನೆಯಲ್ಲಿ ಮಗು, ಮಗು ಎನ್ನುತ್ತಿದ್ದರು.

ಹೀಟರನ್ನು ನಾನು ಆರಿಸಿದೆ. ಫ್ರೀಜರಿನ ಪ್ಲಗ್ಗನ್ನು ಇವರು ಕಿತ್ತರು. ಅದು ಒಂದು ಸಲ ನಡುಗಿ ನಿಂತಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಹೊರಗಿನ ಮೀಟರ್ ತಿರುಗುವುದು ಕೇಳಿಸುತ್ತದೇನೋ ಎನಿಸಿತು. ಈಗಲೂ ಅಷ್ಟಷ್ಟು ಹೊತ್ತಿಗೆ ಕಿವಿ ಆ ಟಿಕ್‌ಗಾಗಿ ಕಾಯುತ್ತದೆ. ಯಾವಾಗ ಬಿಡುತ್ತದೋ ಗೊತ್ತಿಲ್ಲ. ಬಿಡದಿದ್ದರೂ ಇರಲಿ.

ಸೋಡಾ ಹಾಕಿ ಒರೆಸಿದೆ. ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದೆ. ಸಂದಿಗೆ ಕಾಗದ ಹುಡುಕಲಿಲ್ಲ, ಅವಳ ಉಣ್ಣೆಯ ಟೋಪಿ ಮಡಿಸಿ ಇಟ್ಟೆ. ಸರಿಯಾಗಿ ಕೂತಿತು.

ಇವತ್ತು ಸಂಜೆ ಲೈಬ್ರರಿಯಿಂದ ಬಂದು ಬೀಗ ತೆಗೆದರೆ ಎದುರಿಗೇ ಮುಚ್ಚಳ ಅರೆತೆರೆದ ಫ್ರೀಜರ್, ಅದೇ ವಾಸನೆ. ಹನ್ನೆರಡು ವರ್ಷದವಳು ನಿಂತಿದ್ದಂತೆಯೇ ಚೀಲ ಹೆಗಲಿಗೆ ಹಾಕಿಕೊಂಡು ನಿಂತೆ. ಆಮೇಲೆ ಕೂತು ಅತ್ತೆ. ನಿನಗೆ ಕೇಳಿಸುವುದಿಲ್ಲ, ಹಾಗಾಗಿ ಬರೆದು ತಿಳಿಸುತ್ತಿದ್ದೇನೆ.

ಅಮ್ಮನ ಆ ಆಲೂಗಡ್ಡೆಯಲ್ಲಿ ನನ್ನ ಪಾಲು ಅರ್ಧ ಇತ್ತು, ನೀನೇ ಒಪ್ಪಿಕೊಂಡಿದ್ದೀಯ. ಈಗ ಕೊಡು. ಉಪ್ಪು ಎಷ್ಟಿತ್ತು, ಖಾರ ಹಾಕಿದ್ದಳೇ, ತಣ್ಣಗಿದ್ದಾಗ ಹೇಗಿತ್ತು, ಎಲ್ಲವನ್ನೂ ಬರೆ.

ನಿನ್ನ ಮಗಳು